ವಿಮಾನದೊಡನೆ ತಿರುಗುವ ಗಾಳಿ

ಗಾಳಿಯನ್ನು ಕಂಡವರಿಲ್ಲ, ಅದು ಮಾಡುವ ಕೆಲಸವನ್ನು ಕಂಡು ಅದರ ಇರವನ್ನು ಊಹಿಸುತ್ತೇವೆ. ಕಣದಲ್ಲಿ ರಾಶಿ ತೂರುವ ರೈತನು ಹೊಟ್ಟು ಹಾರುವ ಕಡೆಯನ್ನು ನೋಡಿ ಗಾಳಿಯ ದಿಕ್ಕನ್ನು ಹೇಳುತ್ತಾನೆ. ವಿಮಾನ ನಿಲ್ದಾಣದ ಕಂಬಕ್ಕೆ ಕಟ್ಟಿದ ಬಟ್ಟೆಯ ಚೀಲವೂ ಅದನ್ನೇ ಹೇಳುತ್ತದೆ. ಇವೆರಡಕ್ಕೂ ಆಧಾರವಾಗಿರುವುದು ಕದಲದ ನೆಲ. ಆದರೆ ಎರಡು ಸಾವಿರ ಮೀಟರು ಎತ್ತರದಲ್ಲಿ ಹಾರುತ್ತಿರುವ ವಿಮಾನಕ್ಕೆ ಅಂಥ ನೆಲೆಯಿಲ್ಲ. ಸುತ್ತಲಿನ ಗಾಳಿ ಇಡಿಯಾಗಿ ಚಲಿಸಿದರೆ ವಿಮಾನವೂ ಅದರೊಡನೆಯೇ ತೇಲಿಹೋಗುವುದು. ಒಳಗೆ ಕುಳಿತವನಿಗೆ ಏನೂ ಗೊತ್ತಾಗದು.

ಹೀಗಿದ್ದರೂ ಇಂದಿನ ಹಗುರ ವಿಮಾನಗಳ ಪರದೆಯ ಒಂದು ಮೂಲೆಯಲ್ಲಿ ಪುಟ್ಟ ಬಾಣವೊಂದು ಸದಾ ಕಾಣುತ್ತಿರುವುದು. 'ಗಾಳಿ ಬಲಗಡೆಯಿಂದ, 10 ನಾಟ್' ಎಂದು ಅದು ಚಾಲಕನಿಗೆ ತಿಳಿಸುತ್ತದೆ. ನಾಟ್ ಎಂದರೆ ಗಂಟೆಗೆ 1.852 ಕಿಲೋಮೀಟರು ವೇಗ. ಬೆಂಗಳೂರಿನ ಹಿಂದೂಸ್ತಾನ್ ಕಾರ್ಖಾನೆಯಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ 'ಪುಷ್ಪಕ'ದಂಥ ತರಬೇತಿ ವಿಮಾನಗಳಲ್ಲಿ ಇಂಥ ಬಾಣವಿರಲಿಲ್ಲ. ಬಿಡಿಬಿಡಿಯಾದ ಮುಳ್ಳಿನ ಮಾಪಕಗಳನ್ನು ನೋಡಿ ಚಾಲಕನೇ ಲೆಕ್ಕ ಹಾಕಬೇಕಾಗಿತ್ತು. ಅದೇ ನಗರದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ರೂಪಿಸಿದ, 2021ರಲ್ಲಿ ಮೊದಲು ಹಾರಿದ ಎರಡು ಆಸನದ 'ಹಂಸ' ವಿಮಾನದ ಹೊಸ ರೂಪದಲ್ಲಿ ಮುಳ್ಳುಗಳ ಸ್ಥಾನವನ್ನು ವಿದ್ಯುನ್ಮಾನ ಪರದೆಗಳು ತೆಗೆದುಕೊಂಡಿವೆ. ಇಂಥ ಪರದೆಯುಳ್ಳ ವಿಮಾನಗಳಲ್ಲಿ ಲೆಕ್ಕವು ಯಂತ್ರದ ಪಾಲಿಗೆ ಬಂದಿದೆ. ಆದರೆ ಲೆಕ್ಕ ಯಾರೇ ಮಾಡಲಿ, ಕೊಟ್ಟ ಸಂಖ್ಯೆ ತಪ್ಪಾಗಿದ್ದರೆ ಬರುವ ಉತ್ತರವೂ ತಪ್ಪೇ. ಗಾಳಿಯೇ ಇಲ್ಲದ ಮುಂಜಾನೆಯಲ್ಲಿ ಪರದೆಯು ಬಲವಾದ ಅಡ್ಡಗಾಳಿಯನ್ನು ತೋರಿಸುವುದುಂಟು. ಆಗ ಸುಳ್ಳು ಹೇಳುತ್ತಿರುವ ಉಪಕರಣ ಯಾವುದು? ಅದನ್ನು ಪತ್ತೆಮಾಡುವ ಬಗೆ ಹೇಗೆ? ಪ್ರೌಢಶಾಲೆಯ ಭೌತಶಾಸ್ತ್ರವಿಷ್ಟು ತಿಳಿದವರಿಗೆ ಇದೊಂದು ಸೊಗಸಾದ ಸಮಸ್ಯೆ.

ಅಂಬಿಗನ ಗಣಿತ

ತುಂಬಿದ ಹೊಳೆಯನ್ನು ದಾಟುವ ಅಂಬಿಗನನ್ನು ನೀವು ನೋಡಿರಬಹುದು. ಎದುರು ದಡದ ಕಟ್ಟೆಯನ್ನು ಸೇರಬೇಕಾದರೆ ಅವನು ದೋಣಿಯ ಮೂತಿಯನ್ನು ನೇರವಾಗಿ ಕಟ್ಟೆಯತ್ತ ಹಿಡಿಯುವುದಿಲ್ಲ. ನೀರು ಹರಿದು ಬರುವ ಕಡೆಗೆ ತುಸು ಓರೆಯಾಗಿ ಹಿಡಿಯುತ್ತಾನೆ. ದೋಣಿ ನೋಡುವ ದಿಕ್ಕು ಒಂದು, ಅದು ಸಾಗುವ ದಿಕ್ಕು ಇನ್ನೊಂದು. ದಡದಲ್ಲಿ ಕುಳಿತವನು ಹುಟ್ಟಿನ ಬಲದಿಂದ ದೋಣಿಗೆ ಬರುವ ವೇಗವನ್ನೂ ಅದರ ಮೂತಿಯ ದಿಕ್ಕನ್ನೂ ಅರಿತು, ಅದು ನಿಜವಾಗಿ ಸಾಗಿದ ದಾರಿಯನ್ನೂ ಅಳೆದನೆಂದರೆ, ನೀರಿಗೆ ಕೈಹಾಕದೆಯೇ ಹೊಳೆಯ ಸೆಳೆತ ಎಷ್ಟೆಂದು ಹೇಳಬಲ್ಲನು.

ವಿಮಾನದ ಯಂತ್ರವು ಮಾಡುವುದೂ ಇದನ್ನೇ. ಅದಕ್ಕೆ ನಾಲ್ಕು ಸಂಖ್ಯೆಗಳು ಬೇಕು. ಸುತ್ತಲಿನ ಗಾಳಿಯಲ್ಲಿ ವಿಮಾನದ ವೇಗವೆಷ್ಟು ಎಂಬುದು ಮೊದಲನೆಯದು, ಇದನ್ನು ವಾಯುವೇಗವೆನ್ನೋಣ. ಫ್ರಾನ್ಸಿನ ಆನ್ರಿ ಪಿಟೋ ಎಂಬಾತನು 1732ರಲ್ಲಿ ನದಿಯ ವೇಗವನ್ನು ಅಳೆಯಲು ಬಳಸಿದ ಕೊಳವೆಯ ತತ್ತ್ವದಿಂದಲೇ ಇಂದಿಗೂ ಇದನ್ನು ಅಳೆಯುತ್ತಾರೆ. ವಿಮಾನದ ಮೂತಿ ಯಾವ ಕಡೆಗಿದೆ ಎಂಬುದು ಎರಡನೆಯದು, ಇದು ಮುಖದಿಕ್ಕು. ಭೂಮಿಯ ಕಾಂತಕ್ಷೇತ್ರವನ್ನು ಗ್ರಹಿಸುವ ಕಾಂತಮಾಪಕವೆಂಬ ಸಣ್ಣ ಪೆಟ್ಟಿಗೆ ಇದನ್ನು ಒದಗಿಸುವುದು. ಉಳಿದೆರಡು, ನೆಲಕ್ಕೆ ಹೋಲಿಸಿದಾಗ ವಿಮಾನದ ವೇಗ ಮತ್ತು ಅದು ಸಾಗುವ ದಾರಿಯ ದಿಕ್ಕು. ಇವನ್ನು ಜಿಪಿಎಸ್ ಉಪಗ್ರಹಗಳ ಸಂಕೇತಗಳಿಂದ ಪಡೆಯಲಾಗುವುದು. ನೆಲದ ಮೇಲಿನ ಚಲನೆಯನ್ನು ಸೂಚಿಸುವ ಸದಿಶದಿಂದ ಗಾಳಿಯೊಳಗಿನ ಚಲನೆಯ ಸದಿಶವನ್ನು ಕಳೆದರೆ ಉಳಿಯುವುದೇ ಗಾಳಿಯ ವೇಗ ಹಾಗೂ ದಿಕ್ಕು.

ಆದುದರಿಂದ ಪರದೆಯ ಮೇಲಿನ ಗಾಳಿಯು ಅಳೆದು ತಿಳಿದದ್ದಲ್ಲ, ಕಳೆದು ಉಳಿದದ್ದು. ಎರಡು ದೊಡ್ಡ ಸಂಖ್ಯೆಗಳ ವ್ಯತ್ಯಾಸವಾಗಿ ಬರುವ ಸಣ್ಣ ಸಂಖ್ಯೆಯಲ್ಲಿ ದೊಡ್ಡವುಗಳ ತಪ್ಪೆಲ್ಲ ಬಂದು ಕೂಡಿಕೊಳ್ಳುವುದು. ನೂರಿಪ್ಪತ್ತರಲ್ಲಿ ಹತ್ತು ತಪ್ಪಿದರೆ ಅಷ್ಟೇನೂ ದೊಡ್ಡದಲ್ಲ. ಆದರೆ ಉಳಿಯಬೇಕಾದ ಶೇಷವೇ ಹತ್ತಾಗಿದ್ದರೆ ಲೆಕ್ಕವೇ ಬುಡಮೇಲಾದಂತೆ.

ಇಲ್ಲಿಯೇ ಒಂದು ಎಚ್ಚರಿಕೆ ಹೇಳಬೇಕು. ಮುಖದಿಕ್ಕಿಗೂ ಉಪಗ್ರಹ ತೋರಿಸುವ ದಾರಿಗೂ ವ್ಯತ್ಯಾಸ ಕಂಡೊಡನೆ ಉಪಕರಣ ಕೆಟ್ಟಿದೆಯೆಂದು ತಿಳಿಯಬಾರದು. ಅಡ್ಡಗಾಳಿ ಇರುವಾಗ ಅವೆರಡೂ ಬೇರೆಯಾಗಿರಲೇಬೇಕು. ಅಂಬಿಗನ ದೋಣಿ ಓರೆಯಾಗಿರುವುದು ತಪ್ಪಲ್ಲವಷ್ಟೆ.

ಐದು ಡಿಗ್ರಿಯ ಬೆಲೆ

ಕೋನಗಳ ವಿಷಯದಲ್ಲಿ ವಿಮಾನಚಾಲಕರು ಬಾಯಿಪಾಠ ಮಾಡಿಕೊಂಡಿರುವ ಒಂದು ಸೂತ್ರವುಂಟು: ಅರವತ್ತಕ್ಕೆ ಒಂದು. ಅಂದರೆ ಅರವತ್ತು ಮೈಲಿ ಸಾಗುವಷ್ಟರಲ್ಲಿ ಒಂದು ಡಿಗ್ರಿಯ ತಪ್ಪು ನಮ್ಮನ್ನು ಸುಮಾರು ಒಂದು ಮೈಲಿ ಪಕ್ಕಕ್ಕೆ ಒಯ್ಯುವುದು. ವೇಗಕ್ಕೂ ಇದೇ ಸೂತ್ರ ಸಲ್ಲುತ್ತದೆ. 120 ನಾಟ್ ವೇಗದಲ್ಲಿ ಹಾರುವ ವಿಮಾನದ ಮುಖದಿಕ್ಕು ಒಂದು ಡಿಗ್ರಿ ತಪ್ಪಾಗಿ ತೋರಿದರೆ, ಇಲ್ಲದ 2 ನಾಟ್ ಅಡ್ಡಗಾಳಿ ಪರದೆಯ ಮೇಲೆ ಹುಟ್ಟಿಕೊಳ್ಳುವುದು. ಐದು ಡಿಗ್ರಿ ತಪ್ಪಿದರೆ ಹತ್ತು ನಾಟ್!

ಹತ್ತು ನಾಟ್ ಸಣ್ಣ ಮಾತಲ್ಲ. ಜಗತ್ತಿನ ಅನೇಕ ತರಬೇತಿ ಶಾಲೆಗಳಲ್ಲಿ ಬಳಕೆಯಲ್ಲಿರುವ ಸೆಸ್ನಾ 172 ವಿಮಾನದ ಕೈಪಿಡಿಯಲ್ಲಿ, ಪರೀಕ್ಷೆಯ ವೇಳೆ ಇಳಿದು ತೋರಿಸಿದ ಅಡ್ಡಗಾಳಿ 15 ನಾಟ್ ಎಂದಿದೆ. ನಿಜವಾಗಿ ಬೀಸುತ್ತಿರುವುದು 16 ನಾಟ್ ಇದ್ದು ಪರದೆ 6 ನಾಟ್ ಎಂದರೆ, ಹೊಸಬನು ತನ್ನ ಶಕ್ತಿಗೆ ಮೀರಿದ ಕೆಲಸಕ್ಕೆ ಕೈಹಾಕಿದಂತಾಗುವುದು. ಮೋಡದೊಳಗೆ ಉಪಗ್ರಹದ ಸಂಕೇತ ಕಡಿದುಹೋದರೆ ಮುಖದಿಕ್ಕೊಂದೇ ಆಸರೆ; ಐದು ಡಿಗ್ರಿ ತಪ್ಪಿದ ಮುಖದಿಕ್ಕನ್ನು ನೆಚ್ಚಿ 120 ನಾಟ್ ವೇಗದಲ್ಲಿ ಒಂದು ಗಂಟೆ ಹಾರಿದವನು ತಾನೆಣಿಸಿದ ಸ್ಥಳದಿಂದ ಹತ್ತು ನಾವಿಕ ಮೈಲಿ ದೂರದಲ್ಲಿರುತ್ತಾನೆ. ಆ ಹತ್ತು ಮೈಲಿಯ ಅಂತರದಲ್ಲಿ ಬೆಟ್ಟವೂ ಇರಬಹುದು.

ಕಬ್ಬಿಣದ ಹಳೆಯ ಚೇಷ್ಟೆ

ನಾಲ್ಕು ಸಂಖ್ಯೆಗಳಲ್ಲಿ ಉಪಗ್ರಹಗಳು ಕೊಡುವ ಎರಡು ಸಾಮಾನ್ಯವಾಗಿ ನಿಖರವಾಗಿರುತ್ತವೆ. ಹೆಚ್ಚಿನ ವೇಳೆ ಮೋಸಮಾಡುವುದು ಮುಖದಿಕ್ಕು. ಇದಕ್ಕೆ ಕಾರಣ ಹೊಸದಲ್ಲ. ನಾವಿಕರಿಗೆ ಇದು ಎರಡು ಶತಮಾನಗಳ ಹಿಂದೆಯೇ ಗೊತ್ತಾಗಿತ್ತು. 1801ರಿಂದ 1803ರವರೆಗೆ ಆಸ್ಟ್ರೇಲಿಯದ ಕರಾವಳಿಯ ನಕ್ಷೆ ತೆಗೆದ ಮ್ಯಾಥ್ಯೂ ಫ್ಲಿಂಡರ್ಸ್, ಹಡಗನ್ನು ತಿರುಗಿಸಿದಂತೆಲ್ಲ ದಿಕ್ಸೂಚಿಯ ತಪ್ಪೂ ಬದಲಾಗುವುದನ್ನು ಗಮನಿಸಿ, ಹಡಗಿನಲ್ಲಿದ್ದ ಕಬ್ಬಿಣವೇ ಇದಕ್ಕೆ ಕಾರಣವೆಂದು ತರ್ಕಿಸಿದನು. ಹಡಗುಗಳನ್ನು ಪೂರ್ತಿಯಾಗಿ ಕಬ್ಬಿಣದಿಂದಲೇ ಕಟ್ಟತೊಡಗಿದ ಮೇಲೆ ಈ ತೊಂದರೆ ಹಲವು ಪಟ್ಟು ಹೆಚ್ಚಿತು. 1838ರಲ್ಲಿ ಇಂಗ್ಲೆಂಡಿನ ಖಗೋಳವಿಜ್ಞಾನಿ ಜಾರ್ಜ್ ಏರಿ 'ರೇನ್‌ಬೋ' ಎಂಬ ಕಬ್ಬಿಣದ ಹಡಗನ್ನು ಸುತ್ತ ತಿರುಗಿಸಿ ತಪ್ಪನ್ನು ಅಳೆದು, ದಿಕ್ಸೂಚಿಯ ಬಳಿ ಅಯಸ್ಕಾಂತಗಳನ್ನೂ ಮೆದು ಕಬ್ಬಿಣವನ್ನೂ ಇಟ್ಟು ಅದನ್ನು ಸರಿಪಡಿಸಿ ತೋರಿಸಿದನು. ಆದರೂ ಅನಾಹುತಗಳು ತಪ್ಪಲಿಲ್ಲ. 1854ರ ಜನವರಿಯಲ್ಲಿ ಲಿವರ್‌ಪೂಲಿನಿಂದ ಆಸ್ಟ್ರೇಲಿಯಕ್ಕೆ ಮೊದಲ ಯಾನ ಹೊರಟ 'ಟೇಲರ್' ಎಂಬ ಕಬ್ಬಿಣದ ಹಡಗಿನವರು ತಾವು ದಕ್ಷಿಣಕ್ಕೆ ಸಾಗುತ್ತಿದ್ದೇವೆಂದು ನಂಬಿದ್ದರು. ಹಡಗು ಪಶ್ಚಿಮದತ್ತ ಸಾಗಿ ಐರ್ಲೆಂಡಿನ ಲ್ಯಾಂಬೆ ದ್ವೀಪದ ಬಂಡೆಗಳಿಗೆ ಬಡಿಯಿತು. ಮುನ್ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು.

ಇಂದಿನ ಹಗುರ ವಿಮಾನದ ಒಡಲು ಬಹುಪಾಲು ಅಲ್ಯೂಮಿನಿಯಮ್ ಅಥವಾ ನಾರುಬೆರೆತ ರಾಳದ್ದು. ಅವು ಕಾಂತಕ್ಷೇತ್ರವನ್ನು ಕೆಡಿಸವು. ಆದರೆ ಸ್ಕ್ರೂ, ಬೋಲ್ಟು, ಮೋಟಾರು, ಎಂಜಿನ್ ಇವುಗಳಲ್ಲಿ ಕಬ್ಬಿಣ ಇದ್ದೇ ಇರುವುದು. ಭೂಮಿಯ ಕಾಂತಕ್ಷೇತ್ರವೋ ಬಹಳ ಕ್ಷೀಣವಾದದ್ದು: ದಕ್ಷಿಣ ಭಾರತದಲ್ಲಿ ಅದರ ಸಮತಲದ ಅಂಶ ಸುಮಾರು 40 ಮೈಕ್ರೋಟೆಸ್ಲಾ. ಕಾಂತಮಾಪಕವನ್ನು ಬಿಗಿದಿರುವ ಒಂದು ಉಕ್ಕಿನ ಸ್ಕ್ರೂ ಅಯಸ್ಕಾಂತವಾಗಿದ್ದರೂ ಸಾಕು, ದಿಕ್ಕು ಕದಲುವುದು. ಇದರಿಂದಲೇ ಕಾಂತಮಾಪಕವನ್ನು ಎಂಜಿನ್ನಿಗೆ ದೂರವಾಗಿ, ರೆಕ್ಕೆಯ ತುದಿಯಲ್ಲೋ ಬಾಲದ ಕಡೆಯಲ್ಲೋ ಇಟ್ಟು, ಹಿತ್ತಾಳೆಯಂಥ ಕಾಂತತೆಯಿಲ್ಲದ ಲೋಹದ ಸ್ಕ್ರೂಗಳಿಂದ ಬಿಗಿಯುತ್ತಾರೆ.

ವಿದ್ಯುತ್ತು ಇನ್ನೊಂದು ಶತ್ರು. ತಂತಿಯಲ್ಲಿ ಹರಿಯುವ ವಿದ್ಯುತ್ತು ದಿಕ್ಸೂಚಿಯ ಸೂಜಿಯನ್ನು ತಿರುಗಿಸುವುದೆಂದು 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಕಂಡುಹಿಡಿದದ್ದು ನಿಮಗೆ ಪಾಠದಿಂದ ಗೊತ್ತು. ಲೆಕ್ಕ ಹಾಕಿ ನೋಡೋಣ. 10 ಆಂಪೇರ್ ಹರಿಯುವ ಒಂಟಿ ತಂತಿಯಿಂದ ಅರ್ಧ ಮೀಟರು ದೂರದಲ್ಲಿ ಉಂಟಾಗುವ ಕ್ಷೇತ್ರ 4 ಮೈಕ್ರೋಟೆಸ್ಲಾ. ಇದು ಭೂಮಿಯ ಕ್ಷೇತ್ರಕ್ಕೆ ಲಂಬವಾಗಿದ್ದರೆ ದಿಕ್ಕು ಸುಮಾರು 6 ಡಿಗ್ರಿ ಸರಿಯುವುದು. ರೆಕ್ಕೆಯ ತುದಿಯ ದೀಪವನ್ನು ಹೊತ್ತಿಸಿದೊಡನೆ ಪರದೆಯ ಮೇಲೆ ಗಾಳಿ ಬೀಸತೊಡಗಿದರೆ ಆಶ್ಚರ್ಯಪಡಬೇಕಾದುದಿಲ್ಲ. ಹೋಗುವ ತಂತಿಯನ್ನೂ ಮರಳುವ ತಂತಿಯನ್ನೂ ಹೊಸೆದು ಜೊತೆಯಾಗಿ ಎಳೆದರೆ ಒಂದರ ಕ್ಷೇತ್ರವನ್ನು ಮತ್ತೊಂದು ಅಳಿಸಿಹಾಕುವುದು. ಮರಳುವ ವಿದ್ಯುತ್ತಿಗೆ ವಿಮಾನದ ಲೋಹದ ಒಡಲನ್ನೇ ದಾರಿಯಾಗಿ ಬಿಟ್ಟಾಗ ಈ ಅನುಕೂಲ ತಪ್ಪಿಹೋಗುವುದು.

ಭೂಮಿಯ ಎರಡು ಕೋನಗಳು

ಕಬ್ಬಿಣ, ವಿದ್ಯುತ್ತು ಎರಡೂ ನಿರ್ದೋಷಿಗಳಾಗಿದ್ದರೂ ತಪ್ಪು ಉಳಿಯಬಹುದು. ಕಾಂತಸೂಜಿ ತೋರಿಸುವ ಉತ್ತರವೂ ಭೂಗೋಳದ ಉತ್ತರವೂ ಒಂದೇ ಅಲ್ಲ. ಇವೆರಡರ ನಡುವಿನ ಕೋನವನ್ನು ದಿಕ್ಪಾತವೆನ್ನುತ್ತಾರೆ. ಬೆಂಗಳೂರಿನ ಸುತ್ತ ಇದು 2 ಡಿಗ್ರಿಗೂ ಕಡಿಮೆ. ಅಮೆರಿಕದ ಸಿಯಾಟಲ್ ನಗರದಲ್ಲಿ ಸುಮಾರು 15 ಡಿಗ್ರಿ. ಉಪಗ್ರಹಗಳಿಂದ ಬರುವ ದಾರಿ ಭೂಗೋಳದ ಉತ್ತರವನ್ನು ಆಧರಿಸಿದ್ದರೆ, ಕಾಂತಮಾಪಕದ ಮುಖದಿಕ್ಕು ಕಾಂತೀಯ ಉತ್ತರವನ್ನು ಆಧರಿಸಿದೆ. ನಡುವಿನ ಕೋನವನ್ನು ಸೇರಿಸಲು ಯಂತ್ರ ಮರೆತರೆ ಸಿಯಾಟಲಿನ ಮೇಲೆ 120 ನಾಟ್ ವೇಗದಲ್ಲಿ ಹಾರುವವನಿಗೆ 31 ನಾಟ್‌ಗಳ ಸುಳ್ಳು ಗಾಳಿ ಕಾಣುವುದು! ದಿಕ್ಪಾತವು ವರ್ಷದಿಂದ ವರ್ಷಕ್ಕೆ ನಿಧಾನವಾಗಿ ಬದಲಾಗುತ್ತಲೂ ಇರುವುದರಿಂದ, ಅದನ್ನು ಕೊಡುವ ವಿಶ್ವ ಕಾಂತೀಯ ಮಾದರಿಯನ್ನು ಐದು ವರ್ಷಗಳಿಗೊಮ್ಮೆ ಹೊಸದಾಗಿ ಸಿದ್ಧಪಡಿಸುತ್ತಾರೆ. ವಿಮಾನದಲ್ಲಿ ಹಳೆಯ ಮಾದರಿ ಉಳಿದುಕೊಂಡಿದೆಯೇ ಎಂದು ನೋಡಬೇಕಾದದ್ದು ಇದಕ್ಕಾಗಿಯೇ.

ಎರಡನೆಯ ಕೋನ ನತಿ. ಭೂಮಿಯ ಕಾಂತಕ್ಷೇತ್ರವು ಎಲ್ಲೆಡೆಯೂ ನೆಲಕ್ಕೆ ಸಮಾನಾಂತರವಾಗಿಲ್ಲ. ಕಾಂತೀಯ ವಿಷುವದ್ರೇಖೆಯು ಭಾರತದ ದಕ್ಷಿಣ ತುದಿಯ ಬಳಿ ಹಾಯುವುದರಿಂದ ನಮ್ಮಲ್ಲಿ ಅದರ ಓರೆ ಕಡಿಮೆ. ಲಂಡನ್ನಿನಲ್ಲಿ ಅದು ಸುಮಾರು 66 ಡಿಗ್ರಿ ಕೆಳಗೆ ಬಾಗಿದೆ. ಅಲ್ಲಿ ಕಾಂತಮಾಪಕವನ್ನು ಕೂರಿಸುವಾಗ ಒಂದು ಡಿಗ್ರಿ ಓರೆಯಾದರೂ ಬಲವಾದ ಲಂಬ ಅಂಶವು ಒಳಗೆ ನುಸುಳಿ ಮುಖದಿಕ್ಕನ್ನು ಎರಡು ಡಿಗ್ರಿಗೂ ಮೀರಿ ಕೆಡಿಸಬಲ್ಲದು.

ನಾಲ್ಕು ದಿಕ್ಕಿನ ಪರೀಕ್ಷೆ

ಇಷ್ಟೊಂದು ಆಪಾದಿತರಲ್ಲಿ ತಪ್ಪಿತಸ್ಥ ಯಾರು? ಇದನ್ನು ತಿಳಿಯಲು ಒಂದು ಸರಳ ಸತ್ಯ ನೆರವಾಗುವುದು: ನಿಜವಾದ ಗಾಳಿಗೆ ವಿಮಾನದ ಹಂಗಿಲ್ಲ. ಒಂದೇ ಎತ್ತರದಲ್ಲಿ, ಒಂದೇ ಪ್ರದೇಶದ ಮೇಲೆ, ಕೆಲವು ನಿಮಿಷಗಳೊಳಗೆ ವಿಮಾನವು ಯಾವ ಕಡೆಗೆ ತಿರುಗಿದರೂ ಗಾಳಿ ಮೊದಲಿನಂತೆಯೇ ಬೀಸುತ್ತಿರಬೇಕು. ವಿಮಾನ ತಿರುಗಿದಂತೆ ಪರದೆಯ ಗಾಳಿಯೂ ಬದಲಾದರೆ, ಆ ಬದಲಾದ ಭಾಗ ಆಕಾಶದಲ್ಲಿಲ್ಲ, ವಿಮಾನದೊಳಗಿದೆ.

ಅದಕ್ಕೆಂದೇ ಚಾಲಕನು ಗಾಳಿ ಶಾಂತವಾಗಿರುವ ಮುಂಜಾನೆ ಉತ್ತರ, ಪೂರ್ವ, ದಕ್ಷಿಣ, ಪಶ್ಚಿಮಗಳಿಗೆ ಸರದಿಯಂತೆ ಕೆಲವು ನಿಮಿಷ ನೇರವಾಗಿ, ಸಮವೇಗದಲ್ಲಿ ಹಾರಿ, ಪ್ರತಿ ಸಲವೂ ಪರದೆಯ ಗಾಳಿಯನ್ನು ಬರೆದುಕೊಳ್ಳಬೇಕು. ವಿಮಾನ ಪಕ್ಕಕ್ಕೆ ಜಾರುತ್ತಿರಬಾರದು. ತಿರುವಿನ ನಡುವೆ ಕಂಡ ಸಂಖ್ಯೆಯನ್ನು ಎಣಿಕೆಗೆ ತೆಗೆದುಕೊಳ್ಳಬಾರದು. ಗಾಳಿಯೇ ಇಲ್ಲವೆಂದು ಭಾವಿಸಿ ಮುಂದಿನ ಲಕ್ಷಣಗಳನ್ನು ನೋಡಿ.

ನಾಲ್ಕು ಕಡೆಗೂ ಹಾರಿದಾಗ ಗಾಳಿ ಎದುರಿನಿಂದಲೇ ಬಂದಂತೆ ಕಂಡರೆ, ವಾಯುವೇಗ ನಿಜಕ್ಕಿಂತ ಹೆಚ್ಚಾಗಿ ತೋರುತ್ತಿದೆ. ಯಾವಾಗಲೂ ಹಿಂದಿನಿಂದ ಬಂದಂತೆ ಕಂಡರೆ ಕಡಿಮೆಯಾಗಿ ತೋರುತ್ತಿದೆ. ಇಲ್ಲಿ ದಿಕ್ಸೂಚಿಯನ್ನು ಬೈದು ಫಲವಿಲ್ಲ. ಒತ್ತಡದ ಕೊಳವೆಗಳನ್ನು ಪರೀಕ್ಷಿಸಬೇಕು. ಪಿಟೋ ಕೊಳವೆಯ ಸಾಲಿನಲ್ಲಿ ಸಣ್ಣ ಸೋರಿಕೆಯಿದ್ದರೂ ವೇಗ ಕಡಿಮೆಯೆಂದು ತೋರುವುದು.

ಗಾಳಿ ನಾಲ್ಕು ಕಡೆಗೂ ಬಲಗಡೆಯಿಂದಲೇ ಬಂದಂತಾದರೆ, ಮುಖದಿಕ್ಕು ಎಲ್ಲೆಡೆಯೂ ಒಂದೇ ಅಳತೆಯಷ್ಟು ಹೆಚ್ಚಾಗಿ ತೋರುತ್ತಿದೆ, ಎಡಗಡೆಯಿಂದಾದರೆ ಕಡಿಮೆಯಾಗಿ. ಕಾಂತಮಾಪಕವನ್ನು ಓರೆಯಾಗಿ ಕೂರಿಸಿದ್ದಾರೆ, ಇಲ್ಲವೆ ದಿಕ್ಪಾತದ ಲೆಕ್ಕ ತಪ್ಪಿದೆ.

ಮೂರನೆಯದು ಹೆಚ್ಚು ಕುತೂಹಲಕರ. ಉತ್ತರಕ್ಕೆ ಹಾರುವಾಗ 10 ನಾಟ್ ಗಾಳಿ ಪೂರ್ವದಿಂದ ಬಂತು. ಹಿಂದಿರುಗಿ ದಕ್ಷಿಣಕ್ಕೆ ಹಾರಿದಾಗಲೂ ಪೂರ್ವದಿಂದಲೇ 10 ನಾಟ್. 'ಎರಡು ಸಲವೂ ಒಂದೇ ಉತ್ತರ ಬಂತು, ಇದು ನಿಜವಾದ ಗಾಳಿಯೇ' ಎಂದು ಅವಸರದವನು ತೀರ್ಮಾನಿಸಿಬಿಡುವನು. ಆದರೆ ಪೂರ್ವಕ್ಕೂ ಪಶ್ಚಿಮಕ್ಕೂ ತಿರುಗಿದಾಗ ಆ ಗಾಳಿ ಮಾಯವಾಯಿತು! ಇದು ಅಯಸ್ಕಾಂತವಾದ ಕಬ್ಬಿಣದ ಗುರುತು. ವಿಮಾನದ ಅಡ್ಡಕ್ಕೆ, ಎಂದರೆ ರೆಕ್ಕೆಯಿಂದ ರೆಕ್ಕೆಗೆ, ಎಳೆಯುವ ಅಯಸ್ಕಾಂತವು ಉತ್ತರಕ್ಕೆ ಮುಖಮಾಡಿದಾಗ ಭೂಮಿಯ ಕ್ಷೇತ್ರಕ್ಕೆ ಲಂಬವಾಗಿದ್ದು ಸೂಚಿಯನ್ನು ಒಂದು ಕಡೆಗೆ ತಳ್ಳುವುದು. ದಕ್ಷಿಣಕ್ಕೆ ತಿರುಗಿದಾಗ ಅದೇ ಅಯಸ್ಕಾಂತವೂ ತಿರುಗಿ ಎದುರು ಕಡೆಗೆ ತಳ್ಳುವುದು. ಐದು ಡಿಗ್ರಿ ಹೆಚ್ಚು ಇದ್ದದ್ದು ಐದು ಡಿಗ್ರಿ ಕಡಿಮೆಯಾಯಿತು; ಬಲಗಡೆಯ ಸುಳ್ಳುಗಾಳಿ ಎಡಗಡೆಯದಾಯಿತು. ದಕ್ಷಿಣಕ್ಕೆ ನೋಡುವವನಿಗೆ ಎಡಗಡೆ ಪೂರ್ವವೇ ಅಲ್ಲವೆ? ಪೂರ್ವಪಶ್ಚಿಮಗಳಿಗೆ ಹಾರುವಾಗ ಆ ಅಯಸ್ಕಾಂತ ಭೂಮಿಯ ಕ್ಷೇತ್ರದ ಗೆರೆಯಲ್ಲೇ ಇದ್ದು ಬಲವನ್ನು ಹೆಚ್ಚುಕಡಿಮೆ ಮಾಡುವುದೇ ಹೊರತು ದಿಕ್ಕನ್ನು ಬದಲಿಸದು. ಇದಕ್ಕೆ ತಿರುಗುಮುರುಗಾಗಿ, ತಪ್ಪು ಪೂರ್ವಪಶ್ಚಿಮಗಳಲ್ಲಿ ಮಾತ್ರ ಕಂಡರೆ ಅಯಸ್ಕಾಂತದ ಎಳೆತ ವಿಮಾನದ ಉದ್ದಕ್ಕೆ ಇದೆಯೆಂದು ತಿಳಿಯಬೇಕು. ಹೋಗಿ ಬರುವ ಎರಡು ದಿಕ್ಕುಗಳ ಪರೀಕ್ಷೆ ಸಾಲದು, ನಾಲ್ಕೂ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಡ.

ನಿಜವಾದ ಗಾಳಿಯೂ ಇದ್ದರೆ ಸುಳ್ಳುಗಾಳಿ ಅದರೊಡನೆ ಸದಿಶವಾಗಿ ಕೂಡುವುದು. ಪಶ್ಚಿಮದಿಂದ 10 ನಾಟ್ ಗಾಳಿ ಬೀಸುತ್ತಿದ್ದು, ಮುಖದಿಕ್ಕು ಎಲ್ಲೆಡೆಯೂ ಐದು ಡಿಗ್ರಿ ಹೆಚ್ಚಾಗಿ ತೋರುವ 120 ನಾಟ್ ವೇಗದ ವಿಮಾನವನ್ನು ತೆಗೆದುಕೊಳ್ಳಿ. ಉತ್ತರಕ್ಕೆ ಹಾರುವಾಗ ಪರದೆ ಗಾಳಿಯಿಲ್ಲ ಎನ್ನುವುದು. ದಕ್ಷಿಣಕ್ಕೆ ಹಾರುವಾಗ ಪಶ್ಚಿಮದಿಂದ 20 ನಾಟ್. ಪೂರ್ವಕ್ಕೆ ಹಾರುವಾಗ ನೈರುತ್ಯದಿಂದ 14. ಪಶ್ಚಿಮಕ್ಕೆ ಹಾರುವಾಗ ವಾಯುವ್ಯದಿಂದ 14. ಗಾಳಿ ಒಂದೇ, ಉತ್ತರಗಳು ನಾಲ್ಕು! ಇವು ಹೇಗೆ ಬಂದವೆಂದು ಕಾಗದದ ಮೇಲೆ ತ್ರಿಕೋನ ಬರೆದು ನೀವೇ ನೋಡಬಹುದು.

ಸರಿಪಡಿಸುವ ಕ್ರಮ

ರೋಗ ತಿಳಿದ ಮೇಲೆ ಚಿಕಿತ್ಸೆ. ಅನುಭವಿಗಳು ಸುಲಭವಾದದ್ದರಿಂದ ಆರಂಭಿಸುತ್ತಾರೆ. ವಿಮಾನವನ್ನು ಉಕ್ಕಿನ ಕೊಟ್ಟಿಗೆ, ಮೋಟಾರುಗಾಡಿ, ಕಬ್ಬಿಣದ ಸರಳು ಹಾಕಿದ ಕಾಂಕ್ರೀಟು ಇವುಗಳಿಂದ ದೂರವಾಗಿ ನಿಲ್ಲಿಸಿ, ದೀಪ, ಕೊಳವೆ ಕಾಯಿಸುವ ಹೀಟರು, ರೆಕ್ಕೆಯ ಮಡಿಕೆಯ ಮೋಟಾರು ಹೀಗೆ ಒಂದೊಂದೇ ಗುಂಡಿಯನ್ನು ಒತ್ತಿ ನೋಡುತ್ತಾರೆ. ವಿಮಾನ ಕದಲದೆ ಮುಖದಿಕ್ಕು ಮಾತ್ರ ಕದಲಿದರೆ ಅಪರಾಧಿ ಸಿಕ್ಕಿದಂತೆಯೇ. ಬಳಿಕ ಕಾಂತಮಾಪಕದ ಸುತ್ತಲಿನ ಸ್ಕ್ರೂಗಳ ಬಳಿಗೆ ಕೈಯ ದಿಕ್ಸೂಚಿಯನ್ನು ಒಯ್ದು ಸೂಜಿ ಎಲ್ಲಿ ತಿರುಗುವುದೆಂದು ಹುಡುಕುತ್ತಾರೆ.

ತೆಗೆಯಬಹುದಾದ ಕಾರಣಗಳನ್ನೆಲ್ಲ ತೆಗೆದ ನಂತರವೇ ತುಲನೆಯ ಕೆಲಸ. ನೆಲದ ಮೇಲೆ ಬಣ್ಣದಿಂದ ಬರೆದ ದಿಕ್ಕುಗಳ ವೃತ್ತದ ಮೇಲೆ ವಿಮಾನವನ್ನು 30 ಡಿಗ್ರಿಗೊಮ್ಮೆ ತಿರುಗಿಸಿ ನಿಲ್ಲಿಸಿ, ಹನ್ನೆರಡು ಕಡೆಗಳಲ್ಲೂ ತಪ್ಪನ್ನು ಬರೆದುಕೊಳ್ಳುವರು. ಅಯಸ್ಕಾಂತವಾಗದೆಯೂ ಭೂಮಿಯ ಕ್ಷೇತ್ರವನ್ನು ತನ್ನತ್ತ ಸೆಳೆದು ಬಾಗಿಸುವ ಮೆದು ಕಬ್ಬಿಣದ ತಪ್ಪು ನಾಲ್ಕು ಮುಖ್ಯ ದಿಕ್ಕುಗಳಲ್ಲಿ ಕಾಣದೆ ಈಶಾನ್ಯ, ಆಗ್ನೇಯಾದಿ ಮೂಲೆಗಳಲ್ಲಿ ಕಾಣಿಸಿಕೊಳ್ಳಬಹುದಾದ್ದರಿಂದ ಹನ್ನೆರಡು ಕಡೆಗಳೂ ಅವಶ್ಯ. ಏರಿ ಅಯಸ್ಕಾಂತಗಳನ್ನಿಟ್ಟು ಮಾಡಿದ ತಿದ್ದುಪಡಿಯನ್ನು ಈಗಿನ ಉಪಕರಣವು ಲೆಕ್ಕದಿಂದಲೇ ಮಾಡಿಕೊಳ್ಳುವುದು. ಆದರೆ ಬದಲಾಗದ ತಪ್ಪನ್ನು ಮಾತ್ರ ಲೆಕ್ಕದಿಂದ ಕಳೆಯಬಹುದು. ದೀಪ ಹೊತ್ತಿಸಿದಾಗ ಬಂದು ಆರಿಸಿದಾಗ ಹೋಗುವ ತಪ್ಪಿಗೆ ಲೆಕ್ಕದ ಮದ್ದಿಲ್ಲ, ತಂತಿಯನ್ನೇ ಸರಿಸಬೇಕು. ಕೊನೆಗೆ ಮತ್ತೆ ನಾಲ್ಕು ದಿಕ್ಕಿಗೆ ಹಾರಿ, ಗಾಳಿ ಈಗ ಒಂದೇ ಕಡೆಯಿಂದ ಒಂದೇ ಬಲದಿಂದ ಬೀಸುತ್ತಿದೆಯೆಂದು ಖಚಿತಪಡಿಸಿಕೊಳ್ಳಬೇಕು.

ವಿಮಾನವಿಲ್ಲದ ನಮಗೂ ಇದರ ಒಂದು ತುಣುಕು ಕೈಗೆಟುಕುವಂತಿದೆ. ಇಂದಿನ ಅನೇಕ ಮೊಬೈಲ್ ಫೋನುಗಳಲ್ಲಿ ಇಂಥದೇ ಪುಟ್ಟ ಕಾಂತಮಾಪಕವೊಂದು ಅಡಗಿದೆ. ಅದರ ದಿಕ್ಸೂಚಿಯನ್ನು ತೆರೆದು ಮೇಜಿನ ಮೇಲಿಡಿ. ಬಳಿಗೆ ಕತ್ತರಿಯನ್ನೋ ಉಕ್ಕಿನ ಬೀಗದ ಕೈಯನ್ನೋ ತನ್ನಿ. ಎಷ್ಟು ದೂರದಲ್ಲಿ ಎಷ್ಟು ಡಿಗ್ರಿ ಕದಲಿತೆಂದು ಬರೆದುಕೊಳ್ಳಿ. ಅನಂತರ ಆ ಲೋಹವನ್ನು ಫೋನಿನ ಪಕ್ಕದಲ್ಲಿ ಕದಲದಂತೆ ಇರಿಸಿ, ಎರಡನ್ನೂ ಒಂದು ರಟ್ಟಿನ ಮೇಲೆ ಕೂಡಿಸಿ ನಾಲ್ಕು ದಿಕ್ಕಿಗೂ ತಿರುಗಿಸಿ ನೋಡಿ. ಪ್ರತಿ ದಿಕ್ಕಿನಲ್ಲೂ ತಪ್ಪು ಬೇರೆಬೇರೆಯಾಗಿ ಬರುವುದನ್ನು ಕಂಡಾಗ, ಫ್ಲಿಂಡರ್ಸನಿಗೆ ಸಮುದ್ರದ ಮೇಲೆ ತೋಚಿದ ಸಂಗತಿ ನಿಮ್ಮ ಮೇಜಿನ ಮೇಲೆಯೇ ಸ್ಪಷ್ಟವಾಗುವುದು.